ಹೂಳಿನ ಏರಿಗೆ ನೀರುಗಂಟಿ ಯಾರು?

ಬಂಗಾರಪೇಟೆಯಲ್ಲಿ ಮುಖ್ಯಮಾರ್ಗವನ್ನು ಬಿಟ್ಟು ಮಾರಿಕುಪ್ಪದ ಕಡೆಗೆ ಕವಲೊಡೆಯುವ ರೈಲಿನಲ್ಲಿ ಕುಳಿತು, ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ಪುಟ್ಟ ಪುಟ್ಟ ನಿಲ್ದಾಣಗಳನ್ನು ಒಂದೊಂದಾಗಿ ದಾಟುತ್ತಿರುವಾಗ, ಕಿಟಕಿಯ ಆಚೆ ಬೂದುಬಣ್ಣದ ಗುಡ್ಡಗಳ ಸಾಲೊಂದು ಕಾಣತೊಡಗುತ್ತದೆ. ಕೋಲಾರದ ಸೀಮೆ ಬಂಡೆಬೆಟ್ಟಗಳ ಸೀಮೆಯಾದುದರಿಂದ ಹೊಸಬನಾದವನು ಅವನ್ನೂ ಸೃಷ್ಟಿಸಹಜವಾದ ಬೆಟ್ಟಗಳೆಂದೇ ಎಣಿಸಿದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಕಲ್ಲುಬೆಟ್ಟಗಳ ಮೈ ದುಂಡು, ಬಣ್ಣ ಕಪ್ಪು. ಇವುಗಳ ತಲೆಯಾದರೋ ಕತ್ತಿಯಿಂದ ಕೊಯ್ದಂತೆ ಚಪ್ಪಟೆ, ಮೈಮೇಲೆ ನೆತ್ತಿಯಿಂದ ಪಾದದವರೆಗೆ ಮಳೆ ಗೀರಿದ ಸೀಳುಗಳು, ಅಂಚಿನಲ್ಲಿ ಅಲ್ಲಲ್ಲಿ ಜಾಲಿಯ ಪೊದೆಗಳಲ್ಲದೆ ಮೇಲೆ ಹಸುರೆಂಬುದು ಅತಿ ವಿರಳ. ಊರಿನವರು ಇವನ್ನು ಸೈನೈಡ್ ಗುಡ್ಡವೆಂದು ಕರೆಯುತ್ತಾರೆ. ನೆಲದ ಕೆಳಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದು ತಂದ ಕಲ್ಲನ್ನು ಅರೆದು, ಚಿನ್ನವನ್ನು ಹೀರಿಕೊಂಡು, ಉಳಿದುದನ್ನು ಮನುಷ್ಯನು ನೂರಿಪ್ಪತ್ತು ವರ್ಷಗಳ ಕಾಲ ಒಂದೆಡೆ ಸುರಿದುದರಿಂದ ಹುಟ್ಟಿದ ಗುಡ್ಡಗಳು ಇವು.

ಒಂದು ಆಷಾಢದಲ್ಲಿ ಆ ಊರಿನಲ್ಲಿ, ಮಿತ್ರರೊಬ್ಬರ ಮನೆಯಲ್ಲಿ, ಎರಡು ದಿನ ತಂಗಿದ್ದೆ. ಮಿತ್ರರ ತಂದೆ ಗಣಿಯೊಳಗೆ ಬಹುಕಾಲ ದುಡಿದು ನಿವೃತ್ತರಾದವರು. ಆ ತಿಂಗಳ ಗಾಳಿಯ ಪ್ರತಾಪವನ್ನು ಬಯಲುಸೀಮೆಯವರಿಗೆ ನಾನು ಹೇಳಬೇಕಾದುದಿಲ್ಲ. ಗಾಳಿ ಎದ್ದಿತೆಂದರೆ ಗುಡ್ಡದ ನೆತ್ತಿಯಿಂದ ತೆಳುವಾದ ಬಿಳಿಯ ಹೊಗೆಯಂಥದೊಂದು ಬಾಗಿ ಬಂದು ಬೀದಿಯನ್ನು ತುಂಬುತ್ತಿತ್ತು. ಮನೆಯ ಯಜಮಾನಿತಿ ಕಿಟಕಿಗೆ ಒದ್ದೆಯ ಪಂಚೆಯೊಂದನ್ನು ಇಳಿಬಿಟ್ಟಿದ್ದರು; ಊಟದ ತಟ್ಟೆಗಳನ್ನು ನಾವು ಕೂರುವ ತನಕ ಬೋರಲು ಹಾಕಿಯೇ ಇಟ್ಟು, ಕುಳಿತ ಮೇಲೆ ನಮ್ಮೆದುರಿಗೇ ಮಗುಚಿ, ಸೆರಗಿನಿಂದ ಒಮ್ಮೆ ಒರಸಿ ಅನ್ನ ಬಡಿಸಿದರು. ಅದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ತಾವು ಹಾಗೆ ಮಾಡುತ್ತಿರುವುದು ಅವರ ಗಮನಕ್ಕೇ ಬಂದಂತಿರಲಿಲ್ಲ. ಸಂಜೆ ಗುಡ್ಡದ ಬುಡಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಅಂಗೈಗೆ ತೆಗೆದುಕೊಂಡೆ. ಮರಳಿನಂತೆ ಒರಟಲ್ಲ, ಜೇಡಿಯಂತೆ ಅಂಟೂ ಅಲ್ಲ. ಬೀಸುವ ಕಲ್ಲಿನಿಂದ ಆಗತಾನೆ ಇಳಿದ ಹಿಟ್ಟಿನಷ್ಟು ನವುರು. ಬೆರಳ ಸಂದಿಯಿಂದ ಅದು ಜಾರಿ ಹೋಗುವುದನ್ನು ನೋಡಿದಾಗ, ಈ ಪದಾರ್ಥಕ್ಕೆ ತಾನಾಗಿ ಒಂದು ಕಡೆ ನಿಲ್ಲುವ ಸ್ವಭಾವವೇ ಇಲ್ಲವೆಂಬುದು ಕೈಗೇ ತಿಳಿಯಿತು.

ಇಂಥ ಪದಾರ್ಥಕ್ಕೆ ಗಣಿಗಾರರ ಭಾಷೆಯಲ್ಲಿ ಟೇಲಿಂಗ್ಸ್ ಎಂದು ಹೆಸರು. ನಾನು ಈ ಲೇಖನದಲ್ಲಿ ಇದನ್ನು ಹೂಳು ಎಂದೇ ಕರೆಯುವೆನು. ಕೆರೆಯ ಹೂಳಿಗೂ ಇದಕ್ಕೂ ಗುಣದಲ್ಲಿ ಬಂಧುತ್ವವುಂಟು. ಅದಿರಿನಲ್ಲಿ ಬೇಕಾದ ಲೋಹ ಅತ್ಯಲ್ಪ, ಬೇಡದ ಕಲ್ಲು ಅಪಾರ. ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಲೋಹವನ್ನು ಬೇರ್ಪಡಿಸಿಕೊಂಡ ಬಳಿಕ ಮಿಕ್ಕ ರಾಡಿಯೇ ಈ ಹೂಳು. ಕೋಲಾರದಲ್ಲಿ 1880ರ ದಶಕದಿಂದ ಆಧುನಿಕ ರೀತಿಯ ಗಣಿಗಾರಿಕೆ ನಡೆಯಿತು; 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಿದ್ಧಿಸಿದ ಸೈನೈಡ್ ವಿಧಾನ ಬಹು ಬೇಗ ಇಲ್ಲಿಗೂ ಬಂದಿತು. ಸೈನೈಡಿನ ತೆಳು ದ್ರಾವಣ ಹಿಟ್ಟಾದ ಕಲ್ಲಿನೊಳಗಿನ ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಆ ವಿಷ ಬಿಸಿಲುಗಾಳಿಗೆ ಕಾಲಕ್ರಮದಲ್ಲಿ ಶಿಥಿಲವಾಗುವಂಥದು; ಹೆಸರು ಮಾತ್ರ ಗುಡ್ಡಕ್ಕೆ ಅಂಟಿಕೊಂಡಿತು. ಶ್ವಾಸಕೋಶಕ್ಕೆ ಇಂದು ಅಪಾಯವಾದುದು ಅದರ ನವುರಾದ ಕಲ್ಲುಧೂಳು. ಆ ಗಣಿಗಳು ತಮ್ಮ ಆಯುಷ್ಯದಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್. ಇಂದು 13 ದಿಬ್ಬಗಳಾಗಿ ಸಾವಿರ ಎಕರೆಯಷ್ಟು ನೆಲವನ್ನು ಆಕ್ರಮಿಸಿ ನಿಂತಿರುವ ಹೂಳು ಸುಮಾರು 3.3 ಕೋಟಿ ಟನ್. ಮದುವೆಯ ಮಾತಿನಲ್ಲಿ ಸವರನ್ ಲೆಕ್ಕದಲ್ಲಿ ಮಾತನಾಡುವವರಿಗಾಗಿ ಹೇಳುವುದಾದರೆ, ಎಂಟು ಗ್ರಾಮಿನ ಒಂದೊಂದು ಸವರನ್ನಿಗೂ ಮುನ್ನೂರ ಮೂವತ್ತು ಕಿಲೋ ಮಣ್ಣು ಹೊರಗೆ ಬಿದ್ದಿದೆ.

ಕೋಲಾರದ ದಿಬ್ಬಗಳು ಒಣಗಿದವು. ಮಳೆಯೂ ಅಲ್ಲಿ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ಆದುದರಿಂದ ಅವುಗಳ ಉಪದ್ರವ ಧೂಳಿನದು. ಆದರೆ ಪ್ರಪಂಚದ ಬಹುಪಾಲು ಗಣಿಗಳಲ್ಲಿ ಹೂಳು ನೀರಿನೊಡನೆ ಕೊಳವೆಯಲ್ಲಿ ಹರಿದು ಬರುತ್ತದೆ. ಅದನ್ನು ತಡೆದು ನಿಲ್ಲಿಸಲು ಕಣಿವೆಗೆ ಅಡ್ಡಲಾಗಿ ಏರಿಯೊಂದನ್ನು ಕಟ್ಟುತ್ತಾರೆ. ಹೂಳು ತಳಕ್ಕೆ ಇಳಿದು ಮೇಲೆ ತಿಳಿಯಾದ ನೀರನ್ನು ಮತ್ತೆ ಕಾರ್ಖಾನೆಗೆ ಎತ್ತಿಕೊಳ್ಳುತ್ತಾರೆ. ಕೆರೆಯ ನಾಡಿನವರಾದ ನಮಗೆ ಇದರ ಅಂಗಾಂಗಗಳನ್ನು ವಿವರಿಸಲು ಹೊಸ ಪರಿಭಾಷೆಯೇ ಬೇಡ: ಏರಿಯುಂಟು, ಹೆಚ್ಚಾದ ನೀರು ಹೊರಳಿ ಹೋಗುವ ಕೋಡಿಯುಂಟು, ತೂಬಿನಂಥ ಏರ್ಪಾಡುಂಟು, ಅಂಗಳವುಂಟು. ಭೇದವಿರುವುದು ಎರಡು ಸಂಗತಿಗಳಲ್ಲಿ. ಕೆರೆಯನ್ನು ಕಟ್ಟುವವರು ಏರಿಯನ್ನು ಪೂರ್ಣ ಎತ್ತರಕ್ಕೆ ಕಟ್ಟಿ ಮುಗಿಸಿ ಆಮೇಲೆ ಮಳೆಗಾಗಿ ಕಾಯುತ್ತಾರೆ. ಗಣಿಯವರು ಹೂಳು ಬಂದಂತೆಲ್ಲ ಏರಿಯನ್ನು ಏರಿಸುತ್ತ ಹೋಗುತ್ತಾರೆ, ಆ ಕಟ್ಟೋಣ ಇಪ್ಪತ್ತು ಮೂವತ್ತು ವರ್ಷವಾದರೂ ಮುಗಿಯದು. ಮತ್ತು ಕೆರೆಯಲ್ಲಿ ಹೂಳು ತುಂಬಿದರೆ ಎತ್ತಿಹಾಕಬಹುದು. ಇಲ್ಲಿ ಹೂಳನ್ನು ಇಡುವುದಕ್ಕೆಂದೇ ಕೆರೆ.

ಏರಿಯನ್ನು ಎತ್ತರಿಸುವ ರೀತಿಯಲ್ಲಿಯೇ ಮುಂದಿನ ಭಾಗ್ಯದುರ್ಭಾಗ್ಯಗಳ ಬೀಜವಿರುತ್ತದೆ. ಮೊದಲಿನ ಏರಿಯ ಹೊರಮೈಗೆ, ಗಟ್ಟಿಯಾದ ನೆಲದ ಮೇಲೆ, ಕಲ್ಲುಮಣ್ಣನ್ನು ಹೊದಿಸುತ್ತ ಕೆಳದಿಕ್ಕಿಗೆ ಅಗಲಿಸಿ ಎತ್ತರಿಸುವುದು ಒಂದು ಕ್ರಮ. ಅದಕ್ಕೆ ಕಲ್ಲು ಹೆಚ್ಚು, ಜಾಗ ಹೆಚ್ಚು, ಹಣ ಹೆಚ್ಚು. ಒಳಗೆ ಸಂಗ್ರಹವಾದ ಹೂಳಿನ ದಂಡೆ ಒಂದಿಷ್ಟು ಗಟ್ಟಿಯಾದಂತೆ ತೋರಿದೊಡನೆ ಅದರ ಮೇಲೆಯೇ ಎರಡನೆಯ ಪುಟ್ಟ ಏರಿಯನ್ನು ಕಟ್ಟಿ, ಅದರ ಹಿಂದೆ ತುಂಬಿದ ಹೂಳಿನ ಮೇಲೆ ಮೂರನೆಯದನ್ನು ಕಟ್ಟಿ, ಮೆಟ್ಟಿಲುಮೆಟ್ಟಿಲಾಗಿ ಒಳದಿಕ್ಕಿಗೆ ಸರಿಯುತ್ತ ಮೇಲೇರುವುದು ಇನ್ನೊಂದು ಕ್ರಮ. ಇದು ಅಗ್ಗ. ಆದರೆ ಇಲ್ಲಿ ಕಾವಲುಗಾರನು ನಿಂತಿರುವುದು ತಾನು ಕಾಯಬೇಕಾದ ಕೈದಿಯ ಹೆಗಲ ಮೇಲೆ. 1965ರ ಭೂಕಂಪದಲ್ಲಿ ಎಲ್ ಕೋಬ್ರೆ ಎಂಬಲ್ಲಿ ಇಂಥ ಏರಿ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಚಿಲಿ ದೇಶ ಈ ಕ್ರಮವನ್ನೇ ನಿಷೇಧಿಸಿತು. ಬ್ರೆಜಿಲ್ ನಿಷೇಧಿಸಿದುದು 2019ರಲ್ಲಿ. ಆ ವಿಳಂಬದ ಬೆಲೆಯನ್ನು ಈಗ ಹೇಳಬೇಕಾಗಿದೆ.

ಅದಕ್ಕೆ ಮೊದಲು ರಾಗಿಯ ಒಂದು ಮಾತು. ಹಿಂದೆ ಸೇರಿನಲ್ಲಿ ರಾಗಿ ಅಳೆದು ಕೊಡುತ್ತಿದ್ದಾಗ, ಜಾಣನಾದ ವರ್ತಕನು ಕಾಳನ್ನು ಮೇಲಿನಿಂದ ಹಗುರವಾಗಿ ಸುರಿದು ಸೇರು ತುಂಬಿತೆನ್ನುತ್ತಿದ್ದನು; ಅವನಿಗಿಂತ ಜಾಣೆಯಾದ ಗಿರಾಕಿ ಸೇರನ್ನು ಒಮ್ಮೆ ಕುಲುಕಿ ನೆಲಕ್ಕೆ ತಟ್ಟುತ್ತಿದ್ದಳು, ರಾಗಿ ಎರಡು ಬೆರಳು ಕೆಳಗಿಳಿಯುತ್ತಿತ್ತು. ಸಡಿಲವಾಗಿ ಬಿದ್ದ ಕಾಳುಗಳ ನಡುವೆ ತೆರಪುಗಳಿರುತ್ತವೆ, ಅಲುಗಿಸಿದರೆ ಕಾಳುಗಳು ಒತ್ತೊತ್ತಾಗಿ ಕೂರುತ್ತವೆ. ಈಗ ಆ ತೆರಪುಗಳ ತುಂಬ ನೀರಿದೆಯೆಂದು ಭಾವಿಸಿ. ಕಾಳು ಕುಗ್ಗಲು ಹೊರಟಿತು, ನೀರು ಕುಗ್ಗದು, ಓಡಿಹೋಗಲು ಅದಕ್ಕೆ ಹೊತ್ತೂ ಇಲ್ಲ. ಕ್ಷಣಾರ್ಧದಲ್ಲಿ ಕಾಳಿನ ಮೇಲಿದ್ದ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಕಾಳಿಗೂ ಕಾಳಿಗೂ ಇದ್ದ ಹಿಡಿತ ತಪ್ಪುತ್ತದೆ. ಅದುವರೆಗೆ ಮಣ್ಣಾಗಿದ್ದುದು ಒಮ್ಮೆಗೇ ಅಂಬಲಿಯಾಗುತ್ತದೆ. ಎಂಜಿನಿಯರರು ದ್ರವೀಕರಣವೆನ್ನುವುದು ಇದನ್ನೇ. ಸೇರನ್ನು ಕುಲುಕುವ ಕೈ ಭೂಕಂಪದ್ದೇ ಆಗಬೇಕೆಂದಿಲ್ಲ. ಒಂದು ಮಳೆಗಾಲದ ನೀರು, ಏರಿಯ ಮೇಲೆ ಹೇರಿದ ಇನ್ನೊಂದು ಮೆಟ್ಟಿಲ ಭಾರ, ಕಡೆಗೆ ತನ್ನ ಭಾರಕ್ಕೆ ತಾನೇ ವರ್ಷಗಟ್ಟಲೆ ಇಂಚಿಂಚಾಗಿ ಜರುಗುವ ಹೂಳಿನ ಆಯಾಸ, ಇವುಗಳಲ್ಲಿ ಯಾವುದಾದರೂ ಸಾಕು.

2019ರ ಜನವರಿ 25ರಂದು, ಬ್ರೆಜಿಲಿನ ಬ್ರುಮಾಡಿನ್ಯೊ ಪಟ್ಟಣದ ಸಮೀಪದ ಕಬ್ಬಿಣದ ಗಣಿಯಲ್ಲಿ ಮಧ್ಯಾಹ್ನದ ಊಟದ ಹೊತ್ತು. 1976ರಲ್ಲಿ ಆರಂಭವಾಗಿ 2013ರವರೆಗೆ ಹೂಳಿನ ಮೇಲೆ ಹೂಳಾಗಿ 86 ಮೀಟರಿಗೆ ಏರಿದ್ದ ಏರಿಯೊಂದು ಅಲ್ಲಿತ್ತು. ಅದಕ್ಕೆ 2016ರಿಂದೀಚೆಗೆ ಹೊಸ ಹೂಳನ್ನು ಹಾಕುವುದನ್ನೇ ನಿಲ್ಲಿಸಿದ್ದರು. ಎಲ್ಲರ ಭಾವನೆಯಲ್ಲಿ ಅದು ವಿಶ್ರಾಂತಿಗೆ ಸಂದ ಏರಿ. ನೆತ್ತಿಯ ಮೇಲೆ ಹುಲ್ಲು ಬೆಳೆದಿತ್ತು. 12 ಗಂಟೆ 28 ನಿಮಿಷಕ್ಕೆ ಆ ಹಸುರು ಮುಖ ಅಡ್ಡಗಲಕ್ಕೂ ಒಮ್ಮೆಲೆ ಉಬ್ಬಿ, ಮಡಿಸಿ, ಮುಂದಕ್ಕೆ ಕುಸಿದುದನ್ನು ಅಲ್ಲಿದ್ದ ಕ್ಯಾಮೆರಾ ಹಿಡಿದಿಟ್ಟಿದೆ. ಐದು ನಿಮಿಷಗಳೊಳಗೆ ಒಡಲಲ್ಲಿದ್ದುದರ ಮುಕ್ಕಾಲು ಪಾಲು, ಎಂದರೆ 97 ಲಕ್ಷ ಘನಮೀಟರಿನಷ್ಟು ಹೂಳು, ಹೊರಬಿದ್ದಿತು. ಏರಿಯ ನೇರ ಕೆಳಗೆ ಕಟ್ಟಿದ್ದ ಕಟ್ಟಡಗಳಾವುವು? ಗಣಿಯ ಕಚೇರಿಗಳು, ಮತ್ತು ಕೆಲಸಗಾರರ ಊಟದ ಮನೆ. ಸತ್ತವರು 270 ಜನ. ಎಚ್ಚರಿಕೆಯ ಸೈರನ್ನುಗಳಿದ್ದವು, ಕೂಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ತಜ್ಞರ ಮಂಡಲಿ ಕೊಟ್ಟ ವರದಿಯಲ್ಲಿ ನನ್ನನ್ನು ಹೆಚ್ಚಾಗಿ ಕಲಕಿದ ಮಾತೆಂದರೆ, ಕುಸಿಯುವ ಮುನ್ನ ಆ ಏರಿ ಕಣ್ಣಿಗೆ ಬೀಳುವ ಯಾವ ಸೂಚನೆಯನ್ನೂ ಕೊಡಲಿಲ್ಲವೆಂಬುದು. ಒಳಗಿನ ನೀರಿಗೆ ಹೊರಬೀಳುವ ದಾರಿ ಸಾಲದಾಗಿತ್ತು, ಇಳಿಜಾರು ಕಡಿದಾಗಿತ್ತು, ಹೂಳು ಮೇಲುನೋಟಕ್ಕೆ ಗಟ್ಟಿ, ಆದರೆ ಮುರಿದರೆ ಗಾಜಿನಂತೆ ಒಮ್ಮೆಗೇ ಮುರಿಯುವಂಥದು. ಇದಕ್ಕೆ ಮೂರು ವರ್ಷ ಹಿಂದೆ, 2015ರ ನವೆಂಬರ್ 5ರಂದು, ಅದೇ ಪ್ರಾಂತದಲ್ಲಿ ಫುಂಡಾವೊ ಎಂಬ ಏರಿ ಒಡೆದು, ಬೆಂಟೊ ರೊಡ್ರಿಗಸ್ ಎಂಬ ಹಳ್ಳಿಯನ್ನು ಮುಳುಗಿಸಿ, ಆರುನೂರು ಕಿಲೋಮೀಟರ್ ದೂರದ ಸಮುದ್ರದವರೆಗೂ ನದಿಯನ್ನು ಕೆಂಪಾಗಿಸಿತ್ತು. ಅಲ್ಲಿ ಸೈರನ್ನೇ ಇರಲಿಲ್ಲ. ಹೆಂಗಸೊಬ್ಬಳು ಮೋಟಾರುಬೈಕಿನಲ್ಲಿ ಬೀದಿಬೀದಿ ಸುತ್ತಿ ಕೂಗಿ ಎಚ್ಚರಿಸಿದುದರಿಂದ ಬಹಳ ಜನ ಉಳಿದರು. ಆದರೂ 19 ಜನ ಸತ್ತರು.

ಈ ಎರಡು ದುರಂತಗಳಲ್ಲಿ ಏರಿ ಸೋತಿತು. ನೆಲವೇ ಸೋತ ಸಂದರ್ಭವೂ ಉಂಟು. 2014ರ ಆಗಸ್ಟ್ 4ರಂದು ಕೆನಡದ ಮೌಂಟ್ ಪಾಲಿ ಗಣಿಯ ಏರಿ ಕುಸಿದಾಗ, ಹಿಮಯುಗದ ಸರೋವರವೊಂದು ಬಿಟ್ಟುಹೋದ ಜೇಡಿಯ ಪದರ ಅದರ ಅಡಿಯಲ್ಲಿತ್ತೆಂಬುದು ಬೆಳಕಿಗೆ ಬಂದಿತು. ಏರಿಯನ್ನು ರಚಿಸಿದವರು ಆ ಪದರದ ಬಲಾಬಲವನ್ನು ಸರಿಯಾಗಿ ತೂಗಿರಲಿಲ್ಲ. ಅದರ ಮೇಲೆ, ಒಂದಡಿ ಎತ್ತರಕ್ಕೆ ಎರಡಡಿ ಅಗಲದ ಇಳಿಜಾರು ಇರಬೇಕೆಂದು ಯೋಜನೆಯಲ್ಲಿದ್ದರೂ, ಕಲ್ಲು ಸಾಲದ ಕಾರಣ 1.3 ಅಡಿಯ ಕಡಿದಾದ ಇಳಿಜಾರಿನಲ್ಲಿಯೇ ಕಾಲ ನೂಕುತ್ತಿದ್ದರು. ದಕ್ಷಿಣ ಆಫ್ರಿಕದ ಮೆರಿಸ್ಪ್ರೂಟ್‌ನಲ್ಲಿ 1994ರ ಫೆಬ್ರವರಿ 22ರ ಸಂಜೆ ನಡೆದುದು ಇನ್ನೂ ಸರಳ: ಬಿರುಮಳೆ ಬಂದಿತು, ಅಂಗಳದಲ್ಲಿ ಮೊದಲೇ ನೀರು ತುಂಬಿ ತೆರಪಿರಲಿಲ್ಲ, ಏರಿಯ ಮೇಲೆ ನೀರು ಹರಿಯಿತು, ಕೆಳಗಿನ ಬಡಾವಣೆಯಲ್ಲಿ 17 ಜನ ಸತ್ತರು. ಚಿನ್ನದ ಗಣಿಯ ಹೂಳು ಅದು. ಕೋಲಾರದ ಹೂಳಿನ ಜಾತಿಯದೇ. ಏರಿಯ ಮೇಲೆ ನೀರು ಹರಿದರೆ ಏರಿ ಉಳಿಯದೆಂಬುದನ್ನು ನಮ್ಮ ಹಳ್ಳಿಯ ಯಾವ ಮುದುಕನಾದರೂ ಹೇಳಿಯಾನು.

ಹೀಗಿರಲು, ಏರಿಗೆ ತಾಳಿಕೆಯನ್ನು ತರುವ ಬಗೆ ಹೇಗೆ? ಬಲವೇ ಬೇರೆ, ತಾಳಿಕೆಯೇ ಬೇರೆ. ಕಲ್ಲಿನ ಕಂಬಕ್ಕೆ ಬಲವುಂಟು, ಬುಡ ಅಲುಗಿದರೆ ಉರುಳುತ್ತದೆ. ಬಿದಿರಿನ ಮೆಳೆಗೆ ತಾಳಿಕೆಯುಂಟು. ಲೆಕ್ಕ ತಪ್ಪಿದಾಗಲೂ, ಒಬ್ಬನು ಮೈಮರೆತಾಗಲೂ, ಎಣಿಸದಷ್ಟು ಮಳೆ ಬಂದಾಗಲೂ ಪ್ರಾಣಹಾನಿಯಾಗದಂತೆ ಮೊದಲೇ ಅವಕಾಶ ಕಲ್ಪಿಸಿಕೊಂಡಿರುವ ಏರಿಗೆ ಮಾತ್ರ ತಾಳಿಕೆಯುಂಟೆನ್ನಬೇಕು. ಇದರ ಮೊದಲ ಸೂತ್ರ ನೀರಿಗೆ ಸಂಬಂಧಿಸಿದುದು. ಹೂಳಿನಲ್ಲಿ ನೀರಿಲ್ಲದಿದ್ದರೆ ಅದು ಅಂಬಲಿಯಾಗಲಾರದು. ಆದುದರಿಂದ ಹೂಳನ್ನು ಕೊಳವೆಗೆ ಬಿಡುವ ಮುನ್ನವೇ ದೊಡ್ಡ ದೊಡ್ಡ ಸೋಸುಯಂತ್ರಗಳಲ್ಲಿ ಹಿಂಡಿ, ಒದ್ದೆ ಹಿಟ್ಟಿನ ಉಂಡೆಯಷ್ಟು ಬಿಗಿಗೆ ತಂದು, ಪದರಪದರವಾಗಿ ಹರಡಿ ರೋಲರಿನಿಂದ ಒತ್ತಿ ದಿಬ್ಬ ಮಾಡುವ ವಿಧಾನ ಈಗ ಪ್ರಚಾರಕ್ಕೆ ಬರುತ್ತಿದೆ. ಮೌಂಟ್ ಪಾಲಿಯ ವಿಚಾರಣೆ ನಡೆಸಿದ ಮೂವರು ತಜ್ಞರು ಗಣಿಗಾರರಿಗೆ ಹೇಳಿದುದರ ಸಾರವೂ ಇದೇ. ಹಿಂಡುವುದಕ್ಕೆ ಹಣ ಬೇಕು, ವಿದ್ಯುತ್ತು ಬೇಕು. ಮಳೆ ಹೆಚ್ಚಿನ ದೇಶದಲ್ಲಿ ಹಿಂಡಿದ ಹೂಳು ಮತ್ತೆ ನೆನೆಯುವುದೆಂಬ ತೊಡಕೂ ಉಂಟು. ಎಲ್ಲ ಗಣಿಗೂ ಒಪ್ಪುವ ಔಷಧ ಅದಲ್ಲ.

ಎರಡನೆಯದು ನೋಡುವ ಕಣ್ಣು ಮತ್ತು ನಿಲ್ಲಿಸುವ ಬಾಯಿ. ಏರಿಯ ಒಳಗಿನ ನೀರಿನ ಒತ್ತಡವನ್ನು ಅಳೆಯಲು ಪೀಜೋಮೀಟರೆಂಬ ನಳಿಕೆಗಳನ್ನು ಇಳಿಬಿಟ್ಟಿರುತ್ತಾರೆ, ಉಪಗ್ರಹಗಳು ಮಿಲಿಮೀಟರಿನಷ್ಟು ಜರುಗಾಟವನ್ನೂ ಗುರುತಿಸುತ್ತವೆ. ಆದರೆ ಅಂಕಿ ಏರಿದುದನ್ನು ಕಂಡವನು, ನಾಳೆಯಿಂದ ಹೂಳು ಬಿಡಕೂಡದೆಂದು ಹೇಳಬಲ್ಲ ಅಧಿಕಾರವುಳ್ಳವನೇ? ಅವನ ಮಾತು ಉತ್ಪಾದನೆಯ ಲೆಕ್ಕ ನೋಡುವವನನ್ನು ದಾಟಿ ಕಂಪೆನಿಯ ನೆತ್ತಿಯವರೆಗೆ ತಲಪುವುದೇ? ಬ್ರುಮಾಡಿನ್ಯೊದ ಬಳಿಕ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಇಂಗ್ಲೆಂಡಿನ ಚರ್ಚಿನ ಪಿಂಚಣಿ ಮಂಡಲಿಯೂ ಒಂದು. ಪಾದ್ರಿಗಳ ವೃದ್ಧಾಪ್ಯದ ಹಣ ಗಣಿ ಕಂಪೆನಿಗಳ ಷೇರುಗಳಲ್ಲಿತ್ತು. ನಿಮ್ಮ ಏರಿಗಳು ಎಲ್ಲೆಲ್ಲಿವೆ, ಎಷ್ಟೆತ್ತರ, ಹೇಗೆ ಕಟ್ಟಿದವು ಎಂದು ಅವರು ಸ್ವೀಡನ್ನಿನ ಪಿಂಚಣಿ ನಿಧಿಗಳೊಡನೆ ಕೂಡಿ ಕೇಳುವವರೆಗೆ, ಪ್ರಪಂಚದಲ್ಲಿ ಇಂಥ ಏರಿಗಳ ಪೂರ್ಣವಾದ ಒಂದು ಪಟ್ಟಿಯೂ ಇರಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಹೂಡಿಕೆದಾರರ ಸಂಘ ಮತ್ತು ಗಣಿಗಾರರ ಅಂತರರಾಷ್ಟ್ರೀಯ ಮಂಡಲಿ ಸೇರಿ 2020ರ ಆಗಸ್ಟಿನಲ್ಲಿ ಒಂದು ಜಾಗತಿಕ ಮಾನದಂಡವನ್ನು ಪ್ರಕಟಿಸಿದವು. ಅದರಲ್ಲಿ 77 ವಿಧಿಗಳಿವೆ. ಎಲ್ಲವನ್ನೂ ಇಲ್ಲಿ ಒಪ್ಪಿಸುವುದಿಲ್ಲ. ಪ್ರತಿಯೊಂದು ಏರಿಗೂ ಹೊಣೆ ಹೊರುವ ಎಂಜಿನಿಯರನೊಬ್ಬನಿರಬೇಕು, ಕಂಪೆನಿಯ ಮೇಲ್ಮಟ್ಟದಲ್ಲಿ ಉತ್ತರ ಹೇಳಬೇಕಾದ ಅಧಿಕಾರಿಯೊಬ್ಬನಿರಬೇಕು ಎಂಬುದು ಅದರ ತಿರುಳು. ಇದು ಕಾನೂನಲ್ಲ, ಒಪ್ಪಿಕೊಂಡ ಕಂಪೆನಿಗಳ ಸ್ವಂತ ಪ್ರತಿಜ್ಞೆ. ಅದರ ಬಲವೂ ದೌರ್ಬಲ್ಯವೂ ಅಲ್ಲಿಯೇ ಇದೆ. ಆದರೆ ಅದರ ಅನುಬಂಧದ ಒಂದು ಕೋಷ್ಟಕ ನನಗೆ ಬಹುವಾಗಿ ಮೆಚ್ಚುಗೆಯಾಯಿತು. ಕೆಲಸ ನಡೆಯುತ್ತಿರುವ ಸಣ್ಣ ಅಪಾಯದ ಏರಿ ಇನ್ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನು ತಾಳಿದರೆ ಸಾಕೆನ್ನುವ ಆ ಕೋಷ್ಟಕವೇ, ಗಣಿ ಮುಚ್ಚಿ ಜನ ಹೊರಟುಹೋದ ಮೇಲೆ ಅದೇ ಏರಿ ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನು ತಾಳಬೇಕೆನ್ನುತ್ತದೆ. ನೋಡುವವರಿಲ್ಲದ ಮನೆಗೆ ಹೆಚ್ಚು ಗಟ್ಟಿಯಾದ ಮಾಡು ಬೇಕು.

ಈ ಮಾತಿನ ಅರ್ಥ ಪೂರ್ಣವಾಗಿ ತಿಳಿಯಬೇಕಾದರೆ ಕುದುರೆಮುಖಕ್ಕೆ ಹೋಗಬೇಕು. ವರ್ಷಕ್ಕೆ 6000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಆ ಘಟ್ಟದ ತಲೆಯ ಮೇಲೆ ಕಬ್ಬಿಣದ ಗಣಿಯೊಂದನ್ನು ತೆರೆಯಲು 1976ರಲ್ಲಿ ಸರ್ಕಾರದ ಕಂಪೆನಿಯೊಂದು ಸ್ಥಾಪಿತವಾಯಿತು. ಅದಿರಿನ ಪುಡಿಯನ್ನು ಕೊಳ್ಳಲು ಇರಾನಿನ ಷಾ ದೊರೆ ಒಪ್ಪಿದ್ದನು. ಪುಡಿ ಸಿದ್ಧವಾಗುವ ಹೊತ್ತಿಗೆ ಕ್ರಾಂತಿಯಾಗಿ ದೊರೆಯೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲವೆಂಬುದು ಬೇರೆ ಕತೆ. ವರ್ಷಕ್ಕೆ 2.25 ಕೋಟಿ ಟನ್ ಅದಿರನ್ನು ಅಗೆದು 75 ಲಕ್ಷ ಟನ್ ಪುಡಿಯನ್ನು ಪಡೆಯುವುದು ಯೋಜನೆಯ ಲೆಕ್ಕ. ಪುಡಿ ನೀರಿನೊಡನೆ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಮೂರರಲ್ಲಿ ಒಂದು ಪಾಲು ಹೋಯಿತು, ಎರಡು ಪಾಲು ಉಳಿಯಿತು. ಆ ಎರಡು ಪಾಲಿನ ಹೂಳಿಗಾಗಿ ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಮಣ್ಣಿನ ಏರಿಯನ್ನು ಕಟ್ಟಿದರು.

ಗಣಿ ನಡೆದುದು ಇಪ್ಪತ್ತೈದು ವರ್ಷ. ಹೊಳೆಯಲ್ಲಿ ಕೆಂಪು ನೀರು ಬರುವುದೆಂದೂ ಕಾಡು ಹಾಳಾಗುವುದೆಂದೂ ಜನ ಎದ್ದು ನಿಂತರು. 2002ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ 2005ರ ಕೊನೆಯವರೆಗೆ ಮಾತ್ರ ಅವಕಾಶವಿತ್ತಿತು. ಪತ್ರಿಕೆಗಳಲ್ಲಿ ಕುದುರೆಮುಖದ ಅಧ್ಯಾಯ ಅಲ್ಲಿಗೆ ಮುಗಿಯಿತು. ಆದರೆ ಲಕ್ಯಾ ಹೊಳೆಗೆ ಕೋರ್ಟಿನ ಆಜ್ಞೆ ತಿಳಿಯದು, ಮುಂಗಾರಿಗೂ ತಿಳಿಯದು. ಪ್ರತಿ ಜೂನಿನಲ್ಲಿಯೂ ಆ ಕಣಿವೆಗೆ ಮಳೆ ಇಳಿಯುತ್ತದೆ, ನೀರು ಹೂಳಿನ ಅಂಗಳಕ್ಕೆ ಬಂದು ಸೇರುತ್ತದೆ, ಹೆಚ್ಚಾದುದು ಕೋಡಿಯಲ್ಲಿ ಹೊರಳಿ ಭದ್ರೆಗೆ ಹೋಗಬೇಕಾಗುತ್ತದೆ. ಕೋಡಿಯಲ್ಲಿ ಮರದ ದಿಮ್ಮಿ ಸಿಕ್ಕಿಕೊಳ್ಳಬಾರದು. ಏರಿಯ ಹೊರಮೈಯಲ್ಲಿ ಹೊಸ ಒರತೆ ಕಾಣಿಸಿದರೆ ಅಂದೇ ಯಾರಾದರೂ ನೋಡಬೇಕು. ಒರತೆಯ ನೀರು ತಿಳಿಯೋ ಕೆಂಪೋ ಎಂದು ಬೊಗಸೆಯಲ್ಲಿ ಹಿಡಿದು ಪರೀಕ್ಷಿಸಬೇಕು, ಏಕೆಂದರೆ ಕೆಂಪಾಗಿದ್ದರೆ ಏರಿಯ ಒಡಲ ಮಣ್ಣು ಕರಗಿ ಬರುತ್ತಿದೆಯೆಂದು ತಿಳಿಯಬೇಕು. ಈ ಕೆಲಸ ಐದು ವರ್ಷದ್ದಲ್ಲ, ಐವತ್ತು ವರ್ಷದ್ದೂ ಅಲ್ಲ. ಕಾರ್ಖಾನೆಯನ್ನು ಬಿಚ್ಚಿ ಮಾರಬಹುದು, ಯಂತ್ರಗಳನ್ನು ಸಾಗಿಸಬಹುದು, ವಸತಿಗೃಹಗಳನ್ನು ಬಿಟ್ಟು ಹೋಗಬಹುದು. ಏರಿಯನ್ನು ಮಾತ್ರ ಬಿಟ್ಟು ಹೋಗುವಂತಿಲ್ಲ.

ನಮ್ಮ ಪೂರ್ವಿಕರಿಗೆ ಈ ವಿಷಯ ಸ್ಪಷ್ಟವಾಗಿ ತಿಳಿದಿತ್ತು. ಕೆರೆ ಕಟ್ಟಿಸಿದವರನ್ನು ಹೊಗಳುವ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ನನಗೆ ಅವುಗಳಿಗಿಂತ ಹೆಚ್ಚಾಗಿ ಹಿಡಿಸುವುವು ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಬರುವ ಶಾಸನಗಳು. ಕೆರೆಯನ್ನು ಕಟ್ಟುವಾಗಲೇ, ಏರಿಗೆ ಮಣ್ಣು ಹಾಕುವುದಕ್ಕೆ, ಹೂಳೆತ್ತುವುದಕ್ಕೆ, ಬಿರುಕು ಮುಚ್ಚುವುದಕ್ಕೆ ಬೇಕಾಗುವ ವೆಚ್ಚಕ್ಕಾಗಿ ಇಂತಿಷ್ಟು ಗದ್ದೆಯ ಆದಾಯವನ್ನು ಚಂದ್ರಾರ್ಕವಾಗಿ ಬಿಟ್ಟುಕೊಡುವುದು ಆ ಏರ್ಪಾಡು. ಅದರ ಜೊತೆಗೆ ತೂಬು ಕೋಡಿಗಳನ್ನು ನೋಡಿಕೊಳ್ಳಲು ನೀರುಗಂಟಿಯೊಬ್ಬನು. ಕೋಲಾರದ ಗಣಿಯೂರು ತಲೆಮಾರುಗಟ್ಟಲೆ ಕುಡಿದ ನೀರು ಪಾಲಾರ್ ಹೊಳೆಯ ಬೇತಮಂಗಲದ ಕೆರೆಯದು. ಆ ಪುರಾತನ ಕೆರೆ ಗಣಿಗಿಂತ ಎಷ್ಟೋ ಶತಮಾನ ಹಿರಿಯದು, ಗಣಿ ಮುಚ್ಚಿದ ಮೇಲೆಯೂ ಅಲ್ಲಿಯೇ ಇದೆ. ಪಕ್ಕದಲ್ಲಿಯೇ ಇದ್ದ ಈ ಪಾಠವನ್ನು ಲಂಡನ್ನಿನ ಪಾಲುದಾರರು ಓದಲಿಲ್ಲವೆಂದರೆ ಕ್ಷಮಿಸಬಹುದು; ಅನಂತರ ಗಣಿಯನ್ನು ನಡೆಸಿದವರು ನಾವೇ ಅಲ್ಲವೇ?

ಭಾರತದಲ್ಲಿ ಗಣಿ ಮುಚ್ಚುವ ಯೋಜನೆಯೊಂದು ಮೊದಲೇ ಸಿದ್ಧವಿರಬೇಕೆಂಬ ನಿಯಮ ಬಂದುದು 2003ರಲ್ಲಿ. ಕೋಲಾರದ ಗಣಿ ಮುಚ್ಚಿದುದು 2001ರ ಫೆಬ್ರವರಿ 28ರಂದು. ಎರಡು ವರ್ಷದ ಅಂತರದಲ್ಲಿ ಆ ದಿಬ್ಬಗಳು ನಿಯಮದ ಕೈಯಿಂದ ಜಾರಿಹೋದವು. ಈಗಿನ ನಿಯಮದಂತೆ ಗಣಿಯ ಒಡೆಯನು ಮುಚ್ಚುವ ಕಾರ್ಯಕ್ಕೆ ಭದ್ರತೆಯಾಗಿ ಹಣವನ್ನು ಮುಡಿಪಿಡಬೇಕು. 2021ರ ತಿದ್ದುಪಡಿಯಲ್ಲಿ ಅದನ್ನು ದೊಡ್ಡ ವರ್ಗದ ಗಣಿಗಳಿಗೆ ಹೆಕ್ಟೇರಿಗೆ 5 ಲಕ್ಷ ರೂಪಾಯಿಗೂ, ಉಳಿದವಕ್ಕೆ 3 ಲಕ್ಷಕ್ಕೂ ಏರಿಸಿದರು. ಇದು ನಮ್ಮ ಕಾಲದ ಕಟ್ಟುಗೊಡಗೆಯೆಂದು ಸಂತೋಷಪಡಲು ಹೊರಟವನಿಗೆ ಒಂದು ಸಂದೇಹ ಅಡ್ಡ ಬರುತ್ತದೆ. ಹೆಕ್ಟೇರೆಂಬುದು ಅಗಲದ ಅಳತೆ. ಏರಿಯ ಅಪಾಯ ಅದರ ಎತ್ತರದಲ್ಲಿ, ಒಳಗಿನ ನೀರಿನಲ್ಲಿ, ಕೆಳಗಿನ ಊರಿನಲ್ಲಿ ಇರುತ್ತದೆ. ಹತ್ತು ಮೀಟರಿನ ದಿಬ್ಬಕ್ಕೂ ನೂರು ಮೀಟರಿನ ಏರಿಗೂ ನೆಲದ ಲೆಕ್ಕದಲ್ಲಿಯೇ ಮುಡಿಪು ಕಟ್ಟಿದರೆ, ಅದು ಮನೆಯ ವಿಸ್ತೀರ್ಣ ನೋಡಿ ರೋಗಿಯ ಔಷಧದ ಬೆಲೆ ಕಟ್ಟಿದಂತಾದೀತು. ಅಲ್ಲದೆ ಅದು ಒಮ್ಮೆ ಕೊಟ್ಟು ಹಿಂದೆ ಪಡೆಯುವ ಭದ್ರತೆ. ಗದ್ದೆಯಂತೆ ವರ್ಷವರ್ಷವೂ ಫಲ ಕೊಡುವುದಲ್ಲ.

ಕೋಲಾರದ ದಿಬ್ಬಗಳಿಗೆ ಈಗ ಹೊಸ ಯೋಗವೊಂದು ಒದಗುವಂತಿದೆ. ಹಳೆಯ ಕಾಲದ ವಿಧಾನಗಳಿಗೆ ಸಿಕ್ಕದೆ ಉಳಿದ ಚಿನ್ನ ಆ ಹೂಳಿನಲ್ಲಿ ಟನ್ನಿಗೆ ಇಷ್ಟಿಷ್ಟು ಇರುವುದರಿಂದಲೂ, ಚಿನ್ನದ ಬೆಲೆ ಗಗನಕ್ಕೇರಿರುವುದರಿಂದಲೂ, 13 ದಿಬ್ಬಗಳನ್ನು ಹರಾಜು ಹಾಕಿ ಮತ್ತೆ ಸಂಸ್ಕರಿಸುವ ಕೇಂದ್ರದ ಸಲಹೆಗೆ 2024ರ ಜೂನಿನಲ್ಲಿ ರಾಜ್ಯದ ಮಂತ್ರಿಮಂಡಲ ಒಪ್ಪಿಗೆಯಿತ್ತಿತು. ಇದನ್ನು ನಾನು ವಿರೋಧಿಸುವವನಲ್ಲ. ಕಸದಿಂದ ಹಣ ಬಂದು, ಆ ಹಣದಲ್ಲಿ ಕಸದ ವಿಲೇವಾರಿಯೂ ಸರಿಯಾಗುವುದಾದರೆ ಅದಕ್ಕಿಂತ ಲೇಸೇನು? ಆದರೆ 3.3 ಕೋಟಿ ಟನ್ನಿನಿಂದ ಚಿನ್ನವನ್ನು ಹೀರಿದ ಮೇಲೆ ಉಳಿಯುವ ಹೂಳು, ಎಷ್ಟೇ ಲೆಕ್ಕ ಹಾಕಿದರೂ, 3.3 ಕೋಟಿ ಟನ್ನೇ. ಅದೂ ಇನ್ನಷ್ಟು ನುಣ್ಣಗಾಗಿ, ಮತ್ತೊಮ್ಮೆ ಸೈನೈಡಿನಲ್ಲಿ ಮಿಂದು, ಮತ್ತೊಮ್ಮೆ ಒದ್ದೆಯಾಗಿ. ಅದನ್ನು ಎಲ್ಲಿ ಇಡುವರು, ಹಿಂಡಿ ಇಡುವರೋ ಹರಿಸಿ ಇಡುವರೋ, ಖಾಲಿಯಾದ ಸುರಂಗಗಳಿಗೆ ತುಂಬುವರೋ, ಮೇಲೆ ಮಣ್ಣು ಹೊದಿಸಿ ಹುಲ್ಲು ಹಿಡಿಸುವರೋ, ಆ ಹುಲ್ಲಿಗೆ ಮೂವತ್ತು ವರ್ಷದ ಮೇಲೆ ಬೆಂಕಿ ಬಿದ್ದರೆ ಯಾರು ಬರುವರು, ಎಂಬೀ ಪ್ರಶ್ನೆಗಳಿಗೆ ಹರಾಜಿನ ಕರಾರಿನಲ್ಲಿಯೇ ಉತ್ತರ ಬರೆದಿರಬೇಕು. ಮೊದಲ ಬುಟ್ಟಿ ಮಣ್ಣು ಎತ್ತಿದ ಮೇಲೆ ಕೇಳಿದರೆ ಉತ್ತರ ದುಬಾರಿ.

ನಾನು ಹೊರಡುವ ದಿನ ಬೆಳಗ್ಗೆ ಮೋಡ ಕಟ್ಟಿತ್ತು. ಮಿತ್ರರ ತಂದೆ ಪಂಚೆಯನ್ನು ಮೊಳಕಾಲ ಮೇಲಕ್ಕೆ ಎತ್ತಿ ಕಟ್ಟಿಕೊಂಡು, ಸಲಿಕೆ ಹಿಡಿದು, ಮನೆಯ ಮುಂದಿನ ಚರಂಡಿಯಿಂದ ಬೂದುಬಣ್ಣದ ಆ ಹಿಟ್ಟನ್ನು ಎತ್ತಿ ಎತ್ತಿ ದಡಕ್ಕೆ ಹಾಕುತ್ತಿದ್ದರು. ಗುಡ್ಡದ ಸೀಳಿನಲ್ಲಿ ಇಳಿದು ಬಂದ ಹೂಳು ಚರಂಡಿಯ ಬಾಯಿಯವರೆಗೆ ಗಟ್ಟಿಯಾಗಿ ಕೂತಿತ್ತು. ಎರಡು ಮನೆಯಾಚೆಯ ಚರಂಡಿಯನ್ನೂ ಅವರೇ ಆಗಲೇ ಬಿಡಿಸಿದ್ದರೆಂಬುದು ದಡದ ಗುಡ್ಡೆಗಳಿಂದ ತಿಳಿಯುತ್ತಿತ್ತು. ವಯಸ್ಸಾದವರು, ಬಿಡಿ, ಯಾರನ್ನಾದರೂ ಕರೆದು ಮಾಡಿಸಬಾರದೇ ಎಂದೆ. ಸಲಿಕೆಯನ್ನು ನೆಲಕ್ಕೂರಿ, ತಮಿಳಿನ ಒನಪು ಬೆರೆತ ಕನ್ನಡದಲ್ಲಿ ಅವರು, "ಗಣಿ ಇದ್ದಾಗ ಯಾರೋ ಬರೋರು ಸಾರ್. ಈಗ ಯಾರು ಬರ್ತಾರೆ? ಮಳೆ ಕೇಳಿಕೊಂಡು ಬರಲ್ವಲ್ಲ," ಎಂದು ಹೇಳಿ ಮತ್ತೆ ಬಗ್ಗಿದರು. ನಾನು ಚೀಲವನ್ನು ಜಗಲಿಯ ಮೇಲಿಟ್ಟು ಎರಡನೆಯ ಸಲಿಕೆ ಎಲ್ಲಿದೆಯೆಂದು ಕೇಳಿದೆ. ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.